ಆಟ ಬೈಯಿರಿ, ಮನೆಯವರನ್ನು ಬಿಡಿ

ಭಾನುವಾರ, ಮೇ 21, 2023ರ ರಾತ್ರಿ ಚಿನ್ನಸ್ವಾಮಿಯಲ್ಲಿ ಏನಾಯ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ವಿರಾಟ್ ಕೊಹ್ಲಿ ಔಟಾಗದೆ 101. ಅದಕ್ಕೆ ಉತ್ತರವಾಗಿ ಗುಜರಾತ್‌ನ ಶುಭ್‌ಮನ್ ಗಿಲ್ 52 ಎಸೆತಗಳಲ್ಲಿ ಔಟಾಗದೆ 104. ಆರ್‌ಸಿಬಿ ಸೋತಿತು, ಪ್ಲೇಆಫ್ ಬಾಗಿಲು ಮುಚ್ಚಿತು, 16ನೇ ಸೀಸನ್ನೂ ಕಪ್ ಇಲ್ಲದೆ ಹೋಯಿತು. ಹೊಟ್ಟೆ ಉರಿಯೋದು ಸಹಜ. ನನಗೂ ಉರೀತು.

ಆದರೆ ಆ ಉರಿ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಗಿಲ್ ಅವರ ಅಕ್ಕನ ಇನ್‌ಸ್ಟಾಗ್ರಾಮ್ ಫೋಟೊಗಳ ಕೆಳಗೆ, ಇಲ್ಲಿ ಓದಲಾಗದಂಥ ಬೈಗುಳ. ಆ ಹೆಣ್ಣುಮಗಳು ಸಿಕ್ಸರ್ ಹೊಡೆದರಾ? ಕ್ಯಾಚ್ ಹಿಡಿದರಾ? ತಮ್ಮ ಚೆನ್ನಾಗಿ ಆಡಿದ, ಅಷ್ಟೇ ಅವರ ಅಪರಾಧ. ಆಗ ದೆಹಲಿ ಮಹಿಳಾ ಆಯೋಗದ ಅಧ್ಯಕ್ಷೆಯಾಗಿದ್ದ ಸ್ವಾತಿ ಮಲಿವಾಲ್ ಇದರ ವಿರುದ್ಧ ದನಿ ಎತ್ತಿದರು.

"ಎದುರಾಳಿ ಸ್ವಾಮಿ, ಬೈಯ್ಯದೆ ಪೂಜೆ ಮಾಡ್ಬೇಕಾ?" ಅನ್ನುವವರಿಗೆ ಒಂದು ನೆನಪು. 2021ರ ಅಕ್ಟೋಬರ್ 11, ಶಾರ್ಜಾ. ಕೋಲ್ಕತ್ತ ವಿರುದ್ಧ ಎಲಿಮಿನೇಟರ್. ಡ್ಯಾನ್ ಕ್ರಿಶ್ಚಿಯನ್ ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಎತ್ತಿದರು, ನಾವು ಸೋತೆವು. ಅವತ್ತು ಬೈಗುಳ ಬಿದ್ದದ್ದು ಕ್ರಿಶ್ಚಿಯನ್ ಅವರ ಬಸುರಿ ಸಂಗಾತಿಗೆ. ನಾನು ಚೆನ್ನಾಗಿ ಆಡಲಿಲ್ಲ ನಿಜ, ಅವಳನ್ನು ಬಿಟ್ಟುಬಿಡಿ ಅಂತ ಅವರೇ ಕೇಳಿಕೊಳ್ಳಬೇಕಾಯಿತು. ಕ್ರಿಶ್ಚಿಯನ್ ಎದುರಾಳಿ ಅಲ್ಲ, ನಮ್ಮದೇ ಜೆರ್ಸಿ ಹಾಕಿದ್ದ ಆಟಗಾರ. ಬೈಯ್ಯುವ ಚಟ ಹತ್ತಿದರೆ ನಮ್ಮವರು, ಪರರು ಅನ್ನೋ ಭೇದವೂ ಉಳಿಯಲ್ಲ.

ಅದೇ ತಿಂಗಳು 24ರಂದು ದುಬೈನಲ್ಲಿ ಭಾರತ ಪಾಕಿಸ್ತಾನಕ್ಕೆ 10 ವಿಕೆಟ್‌ನಿಂದ ಸೋತಾಗ, ಮೊಹಮ್ಮದ್ ಶಮಿಯ ಧರ್ಮ ಎಳೆದು ಬೈದರು. ಕೊಹ್ಲಿ ಸುಮ್ಮನಿರಲಿಲ್ಲ. ಪತ್ರಕರ್ತರ ಮುಂದೆ ಕೂತು ಶಮಿ ಪರ ಮಾತಾಡಿದರು. ಅದಕ್ಕೆ ಪ್ರತಿಫಲ? ಅವರ ಪುಟ್ಟ ಮಗಳಿಗೇ ಆನ್‌ಲೈನ್‌ನಲ್ಲಿ ಬೆದರಿಕೆ. ಆ ಆರೋಪದಲ್ಲಿ ಮುಂಬೈ ಪೊಲೀಸರು ಬಂಧಿಸಿದ್ದು ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು. ಮುಂದೆ ಕೊಹ್ಲಿ ಕಡೆಯವರ ಒಪ್ಪಿಗೆಯ ಮೇಲೆ ಹೈಕೋರ್ಟ್ ಕೇಸು ರದ್ದು ಮಾಡಿತು. ಕೇಸು ಮುಗೀತು, ಆದರೆ ಓದು ಬರಹ ಬಂದರೆ ಸಭ್ಯತೆ ತಾನಾಗಿ ಬರುತ್ತೆ ಅನ್ನೋ ನಂಬಿಕೆ ಬಿಡೋದು ಒಳ್ಳೇದು.

ನಾನೂ ಇಂಜಿನಿಯರಿಂಗ್ ಓದಿದವನೇ. ಹಾಗಾಗಿ ಈ ಆ್ಯಪ್‌ಗಳ ಲೆಕ್ಕಾಚಾರದ ಬಗ್ಗೆ ಒಂದು ಮಾತು. ಒಂದು ಪೋಸ್ಟನ್ನು ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಉತ್ತರ ಕೊಟ್ಟರು, ಎಷ್ಟು ಜನ ಹಂಚಿದರು ಅನ್ನೋದು ಅಲ್ಲಿ ದೊಡ್ಡ ಲೆಕ್ಕ. ನೀವು ಛೀಮಾರಿ ಹಾಕೋಕೆ ಹಂಚಿದರೂ ಆ ಕೊಳಕು ಇನ್ನೂ ನಾಲ್ಕು ಮನೆ ತಲುಪುತ್ತೆ. ಆದ್ದರಿಂದ ಹಂಚಬೇಡಿ, ರಿಪೋರ್ಟ್ ಮಾಡಿ. ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಠಾಣೆಗೆ ಕೊಡಿ.

ಇಷ್ಟಕ್ಕೇ ಮುಗಿಯಲ್ಲ. ಎದುರು ತಂಡದವರು ಬುದ್ಧಿ ಹೇಳಿದರೆ ಜಗಳ ಜೋರಾಗುತ್ತೆ. ನಮ್ಮವರಿಗೆ ನಾವೇ ಹೇಳಬೇಕು. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಗೆಳೆಯ ಅಂಥದ್ದು ಹಾಕಿದಾಗ, "ಲೋ ಮಗಾ, ಇದು ಸರಿಯಿಲ್ಲ, ತೆಗಿ" ಅನ್ನಿ. ಸಾಲದು ಅಂದರೆ ಅವನಿಗೊಂದು ಫೋನ್ ಮಾಡಿ. ಕೊಹ್ಲಿ ಮಾಡಿದ್ದೂ ಇದನ್ನೇ ತಾನೇ? ತನ್ನನ್ನು ಮೆಚ್ಚುವ ದೇಶದವರಿಗೇ ತಪ್ಪು ಅಂತ ಹೇಳಿದರು. ನಾವು ಅವರ ಹೆಸರಿನ ಜೆರ್ಸಿ ಹಾಕ್ತೀವಲ್ಲ, ಆ ಧೈರ್ಯದಲ್ಲಿ ಕಾಲು ಭಾಗ ಬೇಡವೇ?

ಹಾಗಂತ ಬಾಯಿಗೆ ಬೀಗ ಹಾಕಿಕೊಳ್ಳಿ ಅಂತಿಲ್ಲ. ಬೌಲಿಂಗ್ ಬೈಯಿರಿ. ಹರಾಜಿನಲ್ಲಿ ಯಾರನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕೇಳಿ. ಕೊನೇ ಓವರ್ ಇವರಿಗೇ ಯಾಕೆ ಕೊಟ್ಟಿರಿ ಅಂತ ರಾತ್ರಿಯಿಡೀ ವಾದ ಮಾಡಿ. ಮೀಮ್ ಮಾಡಿ, ಕಾಲೆಳೆಯಿರಿ. ಪ್ರತಿ ಸಲ ಸೋತಮೇಲೂ "ಈ ಸಲ ಕಪ್ ನಮ್ದೇ" ಅಂತ ನಮ್ಮನ್ನು ನಾವೇ ಗೇಲಿ ಮಾಡಿಕೊಂಡು ನಗುವ ಜನ ನಾವು.

ಇನ್ನೊಂದು ವಿಷಯವೂ ನೆನಪಿರಲಿ. 2015ರ ನವೆಂಬರಿನಲ್ಲಿ ಎಬಿ ಡಿವಿಲಿಯರ್ಸ್ ತಮ್ಮ 100ನೇ ಟೆಸ್ಟ್ ಆಡಿದ್ದು ಇದೇ ಚಿನ್ನಸ್ವಾಮಿಯಲ್ಲಿ, ಭಾರತದ ವಿರುದ್ಧ. ಆವತ್ತು ಗ್ಯಾಲರಿಯಿಂದ ಬಂದ ಕೂಗು "ಎಬಿಡಿ, ಎಬಿಡಿ". ಎದುರಾಳಿಯನ್ನು ಹಾಗೆ ಬರಮಾಡಿಕೊಂಡ ಊರು ನಮ್ಮದು. ಆ ಹೆಸರನ್ನು ಫೋನ್ ಹಿಡಿದ ನಾಲ್ಕು ಜನ ಹಾಳು ಮಾಡೋಕೆ ಬಿಡಬೇಡಿ.