ಮೊದಲ ಮತ, ಸ್ವಂತ ಹೆಸರು



ಚುನಾವಣೆ ಹತ್ತಿರ ಬಂತೆಂದರೆ ಮಠಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಅಭ್ಯರ್ಥಿಗಳು ಹಾರ, ಹಣ್ಣು ಹಿಡಿದುಕೊಂಡು ಬರುತ್ತಾರೆ. ಅವರು ಹೋದ ಮೇಲೆ ಭಕ್ತರು ಬಂದು, ಹತ್ತಿರ ಯಾರೂ ಇಲ್ಲದ ವೇಳೆ ನೋಡಿ, "ಅಜ್ಜಾರ, ಈ ಸಲ ಯಾರಿಗೆ ಹಾಕೂಣ್ರಿ?" ಎಂದು ಮೆಲ್ಲಗೆ ಕೇಳುತ್ತಾರೆ. ಹಾರ ತಂದವರಿಗೆಲ್ಲ ನಾವು ಆಶೀರ್ವಾದ ಮಾಡುತ್ತೇವೆ, ಒಬ್ಬರನ್ನೂ ಬಿಡುವುದಿಲ್ಲ. ಆದರೆ ಭಕ್ತರ ಈ ಪ್ರಶ್ನೆಗೆ ಮಾತ್ರ ನಾವು ಎಂದೂ ಉತ್ತರ ಕೊಟ್ಟವರಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ಅದಕ್ಕಾಗಿ ಈ ದೇಶದ ಜನ ಮೊಟ್ಟಮೊದಲು ಮತ ಹಾಕಿದ ಕಾಲಕ್ಕೆ ಹೋಗಬೇಕು.

ಬ್ರಿಟಿಷರ ಆಳಿಕೆಯಲ್ಲಿಯೂ ಚುನಾವಣೆಗಳು ನಡೆಯುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತ್ತು. ಆದರೆ ಮತವೆಂಬುದು ಹೊಲ-ಮನೆ ಇದ್ದವರ, ತೆರಿಗೆ ಕಟ್ಟುವವರ, ಓದು ಬಲ್ಲವರ ಸೊತ್ತಾಗಿತ್ತು. ಕೂಲಿ ಮಾಡುವವನಿಗೆ ಅದು ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 21 ವರ್ಷ ತುಂಬಿದ ಎಲ್ಲರಿಗೂ ಒಂದೊಂದು ಮತವನ್ನು ಕೊಟ್ಟಿತು. ಗೌಡನಿಗೂ ಒಂದು, ಅವನ ಹೊಲದ ಆಳಿಗೂ ಒಂದು. ಎತ್ತಿನ ಬೆಲೆ ಬೇರೆ, ಕರುವಿನ ಬೆಲೆ ಬೇರೆ ಎಂದು ಸಂತೆಯಲ್ಲಿ ಹೇಳಬಹುದು. ಮತಪೆಟ್ಟಿಗೆಯ ಮುಂದೆ ಆ ಲೆಕ್ಕ ನಡೆಯದು.

ಆಗ ಮತದಾರರು 17 ಕೋಟಿಗೂ ಮೇಲೆ. 1951ರ ಜನಗಣತಿಯಂತೆ ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ ಓದು ಬರುತ್ತಿತ್ತು. ಅಕ್ಷರ ಬಾರದವನು ಮತ ಹಾಕುವುದು ಹೇಗೆ? ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಡಿಸಿ, ಅದರ ಮೇಲೆ ಆತನ ಚಿಹ್ನೆಯನ್ನು ಅಂಟಿಸಿದರು. ಒಂದು ರೂಪಾಯಿ ನೋಟಿನಷ್ಟಿದ್ದ ಚೀಟಿಯನ್ನು ಮರೆಗೆ ಒಯ್ದು, ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಹಾಕಿ ಬರುವುದು. ಗುರುತು ಒತ್ತುವ ಕೆಲಸವೇ ಇರಲಿಲ್ಲ. ಪೆಟ್ಟಿಗೆಯನ್ನು ದೇವರೆಂದು ಬಗೆದು ಕೈಮುಗಿದವರೂ ಇದ್ದರಂತೆ. ನಗಬೇಡಿ; ಇಂದು ಅದನ್ನು ತಿಜೋರಿಯೆಂದು ತಿಳಿದವರಿಗಿಂತ ಅವರು ಎಷ್ಟೋ ಮೇಲು.

ಹಿಮಾಚಲದ ಚೀನಿ ಎಂಬ ಪ್ರದೇಶದಲ್ಲಿ ಚಳಿಗಾಲಕ್ಕೆ ಹಿಮ ಬಿದ್ದು ದಾರಿಗಳು ಮುಚ್ಚುತ್ತವೆ. ಅದಕ್ಕಾಗಿ ಅಲ್ಲಿ 1951ರ ಅಕ್ಟೋಬರ್ 25ರಂದೇ ಮತದಾನವಾಯಿತು. ಅಲ್ಲಿಯ ಶಾಲಾ ಮಾಸ್ತರರಾದ ಶ್ಯಾಮ ಸರಣ ನೇಗಿಯವರು ಅಂದು ಬೆಳಗ್ಗೆ ಮತ ಹಾಕಿದರು. 2022ರ ನವೆಂಬರಿನಲ್ಲಿ ಕೊನೆಯ ಮತವನ್ನು ಮನೆಯಿಂದಲೇ ಹಾಕಿ, ಮೂರು ದಿನಗಳಲ್ಲಿ, 105ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕನ್ನಡಿಗರಾದ ನಾವು ಆಗ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದೆವು. ಒಂದೇ ರಾಜ್ಯದವರಾಗಿ ಮತ ಹಾಕಿದ್ದು ಏಕೀಕರಣವಾದ ಮೇಲೆ, 1957ರಲ್ಲಿ.

ನಾವು ಮುಖ್ಯವಾಗಿ ಹೇಳಬೇಕಾದ ಸಂಗತಿ ಬೇರೆ ಇದೆ. ತಾಯಂದಿರು ಲಕ್ಷ್ಯವಿಟ್ಟು ಕೇಳಬೇಕು. ಆ ಮೊದಲ ಪಟ್ಟಿಯನ್ನು ಮಾಡಲು ಮನೆ ಮನೆಗೆ ಹೋದವರು ಹೆಂಗಸರ ಹೆಸರು ಕೇಳಿದಾಗ, ಅನೇಕರು ತಮ್ಮ ಹೆಸರನ್ನೇ ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಎಂದಷ್ಟೇ ಬರೆಸಿದರು. ಹಾಗೆ ಬರೆದುಕೊಂಡರೆ ಸಾಲದು, ಸ್ವಂತ ಹೆಸರೇ ಬೇಕು ಎಂದು ಆಯೋಗ ಹಟ ಹಿಡಿಯಿತು. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ತೆಗೆಯಲಾಯಿತು. ಇವರಲ್ಲಿ ಹೆಚ್ಚಿನವರು ಬಿಹಾರ, ಉತ್ತರಪ್ರದೇಶ, ರಾಜಸ್ಥಾನ ಮುಂತಾದ ಕಡೆಯವರು. ಇದು ಕ್ರೂರವೆಂದು ಆಗ ಕೆಲವರಿಗೆ ತೋರಿದ್ದೀತು. ನಮಗೆ ಹಾಗೆ ತೋರುವುದಿಲ್ಲ. ಯಾರದೋ ಹೆಂಡತಿಯೆಂದು ಪಟ್ಟಿಯಲ್ಲಿ ಸೇರಿದವಳ ಮತವನ್ನು ಆ ಯಾರೋ ಒಬ್ಬನೇ ತನ್ನದೆಂದು ತಿಳಿಯುತ್ತಿದ್ದ. ಮುಂದಿನ ಸಲ ಆ ಸ್ತ್ರೀಯರಲ್ಲಿ ಬಹಳ ಮಂದಿ ಹೆಸರು ಹೇಳಿ ಪಟ್ಟಿಗೆ ಬಂದರು.

ನಾವು ಮೊದಲ ಸಲ ಮತ ಹಾಕಿದ್ದು 1977ರ ಮಾರ್ಚಿನಲ್ಲಿ. ತುರ್ತುಪರಿಸ್ಥಿತಿಯ ದಿನಗಳು, ಕಟ್ಟೆಯ ಮೇಲೆ ಕುಳಿತವರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾವಿನ್ನೂ ಮಠದಲ್ಲಿ ಕಲಿಯುತ್ತಿದ್ದ ಮರಿಗಳು. ಊರ ಕನ್ನಡ ಶಾಲೆಯ ಮುಂದೆ ಸರದಿ ಇತ್ತು. ಕಾವಿ ಕಂಡು ಜನ ಮುಂದೆ ಬಿಡಲು ಬಂದರೂ, ಅಲ್ಲಿ ಎಲ್ಲರಂತೆ ನಿಲ್ಲಬೇಕೆಂದು ಗುರುಗಳ ಅಪ್ಪಣೆಯಾಗಿತ್ತು. ಪಟ್ಟಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಗುರುಗಳ ಹೆಸರಿತ್ತು. ನಮ್ಮ ಮುಂದೆ ಒಬ್ಬ ಮುದುಕಿ. ಊರೆಲ್ಲ ಆಕೆಯನ್ನು ಮಗನ ಹೆಸರು ಹಿಡಿದು "ಅವನವ್ವ" ಎಂದೇ ಕರೆಯುತ್ತಿತ್ತು. ಒಳಗಿನ ಮಾಸ್ತರರು ಹೆಸರು ಕೇಳಿದರು. ಆಕೆ ಹಿಂದೆ ತಿರುಗಿ ನೋಡಿದಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಗಟ್ಟಿಯಾಗಿ ಹೇಳಿದಳು. ಏಜೆಂಟರಿಗೆ ಕೇಳಲೆಂದು ಮಾಸ್ತರರು ಅದನ್ನು ಮತ್ತೊಮ್ಮೆ ಕೂಗಿದರು. ಸರದಿಯಲ್ಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ವರ್ಷ ಅದೇ ಓಣಿಯಲ್ಲಿದ್ದರೂ ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಬೆರಳಿಗೆ ಮಸಿ ಹಚ್ಚಿಸಿಕೊಂಡು ಮರೆಗೆ ಹೋದಳು. ಆ ಮಸಿಯೂ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯದು. 1962ರಿಂದ ಅಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ. ಮರೆಯೊಳಗೆ ಆಕೆ ಯಾರಿಗೆ ಒತ್ತಿದಳೋ ಮಗನಿಗೂ ತಿಳಿಯದು.

ಆ ಮರೆಯೊಳಗೆ ಗಂಡನಿಗೆ ಪ್ರವೇಶವಿಲ್ಲ, ಸಾಲ ಕೊಟ್ಟವನಿಗಿಲ್ಲ, ಅಂದಮೇಲೆ ಮಠಕ್ಕೆ ಹೇಗೆ ಇದ್ದೀತು? ನಾವು ಹೊರಗಿನಿಂದ ಒಂದು ಹೆಸರು ಹೇಳಿ ಕಳಿಸಿದರೆ, ಕಾವಿಯುಟ್ಟು ನಿಮ್ಮ ಜೊತೆಗೇ ಒಳಗೆ ಬಂದಂತೆ ಆಗುತ್ತದೆ. ಇನ್ನು ಕೆಲವರು ಬೇರೊಂದು ಪ್ರಶ್ನೆ ತರುತ್ತಾರೆ: "ರೊಕ್ಕ ಕೊಟ್ಟು ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸ್ಯಾರ, ಬ್ಯಾರೇದವರಿಗೆ ಹಾಕಿದ್ರ ಪಾಪ ಬರತೈತೇನ್ರಿ?" ರೊಕ್ಕ ತೆಗೆದುಕೊಂಡದ್ದು ತಪ್ಪು. ಆದರೆ ಮಾರಲು ಬಾರದ ವಸ್ತುವನ್ನು ಮಾರಿದೆನೆಂದು ಮಾಡಿದ ಆಣೆ ಆಣೆಯೇ ಅಲ್ಲ. ಒಳಗೆ ಹೋಗಿ ನಿಮ್ಮ ಮನಸ್ಸು ಒಪ್ಪಿದವರಿಗೆ ಹಾಕಿರಿ.

ಇನ್ನೊಂದು ಮಾತು. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ತವರಿನ ಪಟ್ಟಿಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಎರಡರ ನಡುವೆ ಆಕೆಯ ಮತ ಕಳೆದುಹೋಗುತ್ತದೆ. ಅತ್ತೆಯರಾದವರು ಈ ವಾರದಲ್ಲೇ ವಿಚಾರಿಸಿರಿ. ಊರು ಬದಲಾದವರಿಗೆ ನಮೂನೆ 8, ಹೊಸದಾಗಿ ಸೇರುವವರಿಗೆ ನಮೂನೆ 6. 1989ರಿಂದ 18 ವರ್ಷಕ್ಕೇ ಮತವಿದೆ. 17 ತುಂಬಿದವರು ಈಗ ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಬರೆಯಲು ಬಾರದವರು ಪ್ರಸಾದವಾದ ಮೇಲೆ ಮಠದ ಕಚೇರಿಗೆ ಬಂದರೆ, ನಮ್ಮ ಹುಡುಗರು ಅರ್ಜಿ ಬರೆದು ಕೊಡುತ್ತಾರೆ. ಸೊಸೆಯನ್ನೂ ಕರೆದುಕೊಂಡು ಬನ್ನಿ. ಹೆಸರನ್ನು ಆಕೆಯೇ ಹೇಳಲಿ.