ಏರಿನಲ್ಲಿ ದಾರಿ ತಪ್ಪಿದ ಗಾಳಿ

ಯಂತ್ರಗಳನ್ನು ಕುರಿತು ಮಾತನಾಡುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಕ್ಕೂ ಮೀರಿ ಕಾಲೇಜಿನಲ್ಲಿ ಕಾವ್ಯವನ್ನೂ ಗ್ರಂಥಸಂಪಾದನೆಯನ್ನೂ ಪಾಠ ಹೇಳಿ, ಈಗ ಕೊಳ್ಳೇಗಾಲದಲ್ಲಿ ನೆಲೆಸಿರುವವನು ನಾನು. ಸೈಕಲ್ಲಿನ ಚೈನು ಕಳಚಿದರೆ ಮತ್ತೆ ಏರಿಸುವುದಷ್ಟೇ ನನ್ನ ಯಂತ್ರವಿದ್ಯೆಯ ಎಲ್ಲೆ. ಆದರೂ ಇಂದು ಒಂದು ಹಳೆಯ ಟ್ರಕ್ಕಿನ ರಬ್ಬರ್ ಕೊಳವೆಗಳ ಕಥೆಯನ್ನು ತಮ್ಮ ಮುಂದಿಡಬೇಕೆನಿಸಿದೆ.

ನನ್ನ ಮಗ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹೊರವಲಯದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ಅವನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅವನು ಬೆಳಗ್ಗೆ ಹೊರಟರೆ ಸಂಜೆಗೆ ಬರುವವನು. "ಊಟ ಆಯ್ತಾ ಅಪ್ಪ?" ಎಂದು ಅವನು ಕೇಳುವುದು, "ಆಯ್ತಪ್ಪ" ಎಂದು ನಾನು ಹೇಳುವುದು, ನಮ್ಮ ಸಂಭಾಷಣೆ ಬಹುತೇಕ ಇಷ್ಟೇ. ಯಾರ ಮೇಲೂ ಮುನಿಸಿರಲಿಲ್ಲ. ಹೇಳಬೇಕಾದದ್ದು ಏನೆಂದು ಇಬ್ಬರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೇ.

ಅವನ ಬಳಿ ಮೂವತ್ತು ವರ್ಷ ದಾಟಿದ ಒಂದು ಟ್ರಕ್ಕಿದೆ. ಟ್ರಕ್ಕೆಂದರೆ ನಮ್ಮ ಲಾರಿಯಲ್ಲ. ಮುಂದೆ ಇಬ್ಬರು ಮೂವರು ಕೂರುವ, ಹಿಂದೆ ತೆರೆದ ತೊಟ್ಟಿಯುಳ್ಳ ಪೆಟ್ರೋಲ್ ಗಾಡಿ. ಆ ದೇಶದಲ್ಲಿ ಅವನು ಕೊಂಡ ಮೊದಲ ವಾಹನವಾದ್ದರಿಂದ ಅದರ ಮೇಲೆ ಅವನಿಗೆ ಮಮತೆ. ಅದರ ಏರ್‌ಕಂಡೀಷನ್ ಕೆಟ್ಟಿತ್ತು. ತಣ್ಣನೆಯ ಗಾಳಿ ಬರುತ್ತಿತ್ತು, ಆದರೆ ಬೇಕಾದ ಕಡೆಗೆ ಬರುತ್ತಿರಲಿಲ್ಲ. ಚಾಲಕನ ಮುಂದಿನ ಗುಂಡಿಯದೇ ದೋಷವೆಂದು ಅದನ್ನು ದುಡ್ಡು ತೆತ್ತು ಬದಲಾಯಿಸಿದ್ದಾಗಿತ್ತು. ಗುಣ ಕಾಣಲಿಲ್ಲ. ದುರಸ್ತಿಯವನೊಬ್ಬ, ಇದನ್ನು ಮಾರಿಬಿಡುವುದೇ ಮೇಲೆಂದು ಸಲಹೆ ಕೊಟ್ಟಿದ್ದ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗ ಬೇಸರದಿಂದ ಹೇಳಿದ: "ಸಮತಟ್ಟಿನಲ್ಲಿ ಸರಿಯಾಗಿರುತ್ತೆ ಅಪ್ಪ. ಏರು ಸಿಕ್ಕಿದ ಕೂಡಲೇ ಗಾಳಿ ಮುಖ ಬಿಟ್ಟು ಮುಂದಿನ ಗಾಜಿಗೆ ಹೋಗಿಬಿಡುತ್ತೆ."

ಏರು ಎಂಬ ಮಾತು ಕಿವಿಗೆ ಬಿದ್ದದ್ದೇ, ನನ್ನ ಮನಸ್ಸು ಹನೂರಿಗೆ ಹಾರಿತು.

ಹನೂರಿನಲ್ಲಿದ್ದ ನನ್ನ ಸೋದರಮಾವನ ಬಳಿ ಒಂದು ಹಳೆಯ ಪೆಟ್ರೋಲ್ ಜೀಪಿತ್ತು. ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಷ್ಟೆ. ಆ ಕಾಲದಲ್ಲಿ ಕೊಯಮತ್ತೂರಿನಿಂದ ತಂದದ್ದು. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಒಮ್ಮೆ ಕೌದಳ್ಳಿಯ ಮೇಲೆ ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೆವು. ದಾರಿಯಲ್ಲಿ ಜಡಿಮಳೆ ಹಿಡಿಯಿತು. ಗಾಜನ್ನು ಒರಸುವ ಕಡ್ಡಿ ಸಮನೆಲದಲ್ಲಿ ಚುರುಕಾಗಿ ಆಡುತ್ತಿದ್ದುದು, ಏರು ಹತ್ತತೊಡಗಿದೊಡನೆ ನಿಧಾನವಾಗಿ, ಕೊನೆಗೆ ಗಾಜಿನ ನಡುವೆ ನಿಂತೇಬಿಟ್ಟಿತು. ಮುಂದೆ ತಿರುವು, ಒಂದು ಬದಿಗೆ ಕಮರಿ, ಗಾಜಿನ ಮೇಲೆ ನೀರಿನ ಪರದೆ. ಮಾವ ಗಾಬರಿಯಾಗಲಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನು ಅರೆಗಳಿಗೆ ಎತ್ತಿದರು. ಕಡ್ಡಿ ಸರಕ್ಕನೆ ಎರಡು ಸಲ ಆಡಿ ದಾರಿ ಕಾಣಿಸಿತು. ಮತ್ತೆ ಒತ್ತಿದರು, ಮತ್ತೆ ಎತ್ತಿದರು. ಹೀಗೆಯೇ ಬೆಟ್ಟ ಹತ್ತಿಸಿದರು. ಅಂಜಿ ಮುದುರಿ ಕುಳಿತಿದ್ದ ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ: "ಬಾಯಿ ಅಗ್ಲುಕ್ ತೆಗ್ದೋನು ಹೀರನಾರ ಕನಾ ಮೊಗ."

ಆ ಮಾತಿನ ಅರ್ಥ ಆಗ ಆಗಲಿಲ್ಲ. ಅರ್ಥವಾದದ್ದು ಐವತ್ತು ವರ್ಷಗಳಾಚೆ, ಮಗನ ಮನೆಯ ಅಂಗಳದಲ್ಲಿ.

ಪೆಟ್ರೋಲ್ ಇಂಜಿನು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯ ದಾರಿಯಲ್ಲಿ ಒಂದು ತೆಳುವಾದ ಪಡಿ ಇದೆ. ಗಾಡಿ ನಿಂತಲ್ಲೇ ಇಂಜಿನು ಓಡುತ್ತಿದ್ದಾಗ ಪಡಿ ಬಹುಮಟ್ಟಿಗೆ ಮುಚ್ಚಿರುವುದರಿಂದ, ಅದರ ಹಿಂದೆ ಬಲವಾದ ಹೀರುವಿಕೆ ಉಂಟಾಗುತ್ತದೆ. ಇದನ್ನೇ ನಿರ್ವಾತ ಎನ್ನುತ್ತಾರೆ; ಪೂರ್ತಿ ಶೂನ್ಯವಲ್ಲ, ಹೊರಗಿನ ಗಾಳಿಗಿಂತ ತಗ್ಗಿದ ಒತ್ತಡ. ಅಳೆದರೆ ಪಾದರಸದ 17ರಿಂದ 21 ಅಂಗುಲದಷ್ಟು. ಪಾದರಸದ ಕೊಳವೆಯಿಂದ ಗಾಳಿಗೂ ಭಾರವಿದೆಯೆಂದು ಇಟಲಿಯ ಟೊರಿಸೆಲ್ಲಿ ತೋರಿಸಿದ್ದು 1640ರ ದಶಕದಲ್ಲಿ. ನಮ್ಮ ಯಳಂದೂರಿನೊಡನೆ ಹೆಸರು ಬೆಸೆದುಕೊಂಡಿರುವ ಷಡಕ್ಷರದೇವನೂ ಅದೇ ಶತಮಾನದವನು. ಅವನ 'ರಾಜಶೇಖರ ವಿಳಾಸ'ವನ್ನು ವರ್ಷವರ್ಷವೂ ಪಾಠ ಹೇಳಿದ ನನಗೆ ಟೊರಿಸೆಲ್ಲಿಯ ಪರಿಚಯವಾದದ್ದು ಈ ಟ್ರಕ್ಕಿನಿಂದ!

ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದಾಗ ಪಡಿ ಅಗಲವಾಗಿ ತೆರೆದುಕೊಳ್ಳುತ್ತದೆ, ಹೀರುವಿಕೆ ಕುಗ್ಗುತ್ತದೆ. ಮಾವನ ಜೀಪಿನ ಕಡ್ಡಿ ಆಡುತ್ತಿದ್ದುದು ಈ ಹೀರುವಿಕೆಯ ಬಲದಿಂದಲೇ. ಬಾಯಿ ಅಗಲಿಸಿದವನು ಹೀರಲಾರ! ಮಗನ ಟ್ರಕ್ಕಿನಲ್ಲಿ ಗಾಳಿಯನ್ನು ಮುಖಕ್ಕೆ, ಕಾಲಿಗೆ, ಗಾಜಿಗೆ ಹಂಚುವ ಒಳಬಾಗಿಲುಗಳನ್ನೂ, ಹೀಟರಿಗೆ ಬಿಸಿನೀರು ಬಿಡುವ ಕವಾಟವನ್ನೂ ನಡೆಸುವುದು ಇದೇ ಬಲ. ಬಲ ತಪ್ಪಿದರೆ ಸ್ಪ್ರಿಂಗುಗಳು ಗಾಳಿಯನ್ನು ಗಾಜಿನತ್ತ ತಿರುಗಿಸುತ್ತವೆ. ಏನು ಕೆಟ್ಟರೂ ಗಾಜಿನ ಮಂಜು ಕರಗಿ ಚಾಲಕನಿಗೆ ದಾರಿ ಕಾಣಲಿ ಎಂಬ ವಿವೇಕ ಇದರ ಹಿಂದಿದೆ. ಏರಿನಲ್ಲಿಯೂ ಬಲ ತಪ್ಪದಿರಲೆಂದು ಹೀರುವಿಕೆಯನ್ನು ಕೂಡಿಟ್ಟುಕೊಳ್ಳುವ ಒಂದು ಡಬ್ಬಿಯನ್ನೂ, ಅದು ಹಿಂದಕ್ಕೆ ಸೋರದಂತೆ ತಡೆಯುವ ಒಂದು ಒಮ್ಮುಖ ಕವಾಟವನ್ನೂ ಇಟ್ಟಿರುತ್ತಾರೆ.

ಮಾವನ ಕಥೆಯನ್ನು ಹೇಳಿದಾಗ ಮಗ ಊಟದ ತಟ್ಟೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿದ. ಮಾರನೆಯ ದಿನ ಶನಿವಾರ. ಇಬ್ಬರೂ ಟ್ರಕ್ಕಿನ ಮುಂದೆ ನಿಂತೆವು.

ಕೊಳವೆಗಳಿಗೆ ಮೂಲದಲ್ಲಿ ಬೇರೆಬೇರೆ ಬಣ್ಣಗಳಿದ್ದಿರಬೇಕು. ಹಿಂದಿನ ಒಡೆಯರು ಕೆಲವನ್ನು ಕಪ್ಪು ಕೊಳವೆಗಳಿಂದ ಬದಲಾಯಿಸಿ ಗುರುತು ಅಳಿಸಿಹಾಕಿದ್ದರು. ಹಲವು ಲಿಪಿಕಾರರ ಕೈ ದಾಟಿಬಂದ ಓಲೆಗರಿಯ ಪ್ರತಿಯಂತೆ ನನಗೆ ಕಂಡಿತು. ಅಂಥ ಪ್ರತಿಯಲ್ಲಿ ತಪ್ಪು ಕಂಡಲ್ಲೇ ತಿದ್ದಬಾರದು. ಅದು ಎಲ್ಲಿಂದ ಹೊರಟಿತೆಂದು ಮೂಲದತ್ತ ಹೋಗಬೇಕು. ಇಂಜಿನು ನಿಲ್ಲಿಸಿ, ಕೊಳವೆ ಕೊಳವೆಗೂ ಚೀಟಿ ಕಟ್ಟಿ ಅ, ಆ, ಇ, ಈ ಎಂದು ಬರೆದೆ. ಬ್ರೇಕಿಗೆ ಹೋಗುವ ದಪ್ಪ ಕೊಳವೆಯೂ ಇದೇ ಬಲವನ್ನು ನಂಬಿರುವುದರಿಂದ ಅದನ್ನು ಮುಟ್ಟಲಿಲ್ಲ.

ಮೊದಲು ಇಂಜಿನಿನ ತುದಿ. ಅದನ್ನು ಓಡಿಸಿ ಕೊಳವೆಯ ಬಾಯಿಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯಿತು, ಮೂಲ ಸರಿ. ಅನಂತರ ಒಳಗಿನ ತುದಿ. ಮುಳ್ಳಿರುವ ಒಂದು ಕೈಪಂಪನ್ನು ಜೋಡಿಸಿ ಹೀರಿದಾಗ ಮುಳ್ಳು ಏರಿ ನಿಂತಿತು, ಇಳಿಯಲಿಲ್ಲ, ಒಳಗೆಲ್ಲೂ ಸೋರಿಕೆಯಿಲ್ಲ. ಡಬ್ಬಿಯೂ ಹೀಗೆಯೇ ಪರೀಕ್ಷೆಯಲ್ಲಿ ಗೆದ್ದಿತು. ಉಳಿದದ್ದು ಹೆಬ್ಬೆರಳಿನ ಗಾತ್ರದ ಕವಾಟ. ಮಗ ಅದನ್ನು ಒರಸಿ ಒಂದು ಕಡೆಯಿಂದ ಊದಿದ, ಗಾಳಿ ಹೋಯಿತು. ತಿರುಗಿಸಿ ಊದಿದ, ಆಗಲೂ ಹೋಯಿತು. ಒಮ್ಮುಖವಾಗಿರಬೇಕಾದದ್ದು ಇಮ್ಮುಖವಾಗಿತ್ತು. ಕೂಡಿಟ್ಟ ಬಲವೆಲ್ಲ ಪ್ರತಿ ಏರಿನಲ್ಲೂ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಬದಲಾಯಿಸಿದ ಗುಂಡಿಯ ಬೆಲೆಯ ಮುಂದೆ ಈ ಕವಾಟದ ಬೆಲೆ ಏನೇನೂ ಅಲ್ಲ.

ಮಾರನೆಯ ದಿನ ಪೆನ್ ಹಿಲ್ಸ್‌ನಲ್ಲಿರುವ ವೆಂಕಟೇಶ್ವರ ದೇವಾಲಯಕ್ಕೆ ಹೊರಟೆವು. 1976ರಿಂದ ಅಲ್ಲಿ ಪೂಜೆ ನಡೆಯುತ್ತಿದೆ, ದಾರಿಯೂ ಏರಿನದೇ. ಮಗ ಆಕ್ಸಿಲರೇಟರನ್ನು ಒತ್ತಿದ. ತಣ್ಣನೆಯ ಗಾಳಿ ನಮ್ಮ ಮುಖವನ್ನು ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದ: "ಹನೂರಿನ ತಾತ ಇನ್ನೇನೇನು ಹೇಳ್ತಿದ್ರು ಅಪ್ಪ?"

ಮಾವ ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷ. ಅವರ ಬಗ್ಗೆ ಅವನು ಕೇಳಿದ್ದು ಅದೇ ಮೊದಲು. ನಾನೂ ತಾನಾಗಿ ಹೇಳಿದವನಲ್ಲ. ಗುಡಿ ಮುಟ್ಟುವವರೆಗೂ, ಹಿಂತಿರುಗಿ ಮನೆ ಸೇರುವವರೆಗೂ ಹೇಳಿದೆ. ಕೊಳವೆಗಳಿಗೆ ಕಟ್ಟಿದ ಚೀಟಿಗಳನ್ನು ಅವನು ಇನ್ನೂ ಬಿಚ್ಚಿಲ್ಲವಂತೆ. ಮುಂದೆ ಆ ಗಾಡಿಯನ್ನು ಯಾರು ಕೊಂಡರೂ ಅಕಾರಾದಿಯನ್ನು ಕಲಿಯದೆ ವಿಧಿಯಿಲ್ಲ.