ಎಪ್ಪತ್ತೇಳು ವರ್ಷ ತಡವಾದ ದಾಖಲೆ



ಕ್ವಿಜ್ ಪ್ರಶ್ನೆಗೆ ಒಂದೇ ಉತ್ತರ, ಅದೂ ಶಾಶ್ವತ ಎಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜೀವಮಾನದ ಅತ್ಯಧಿಕ ಬ್ಯಾಟಿಂಗ್ ಸರಾಸರಿ ಯಾರದು? ಟೈ ಕಾಬ್ ಎಂಬುದು ದಶಕಗಳ ಕಾಲ ಸರಿಯುತ್ತರವಾಗಿತ್ತು. 2024ರ ಮೇ ತಿಂಗಳಲ್ಲಿ ಅದು ಜಾಶ್ ಗಿಬ್ಸನ್ ಎಂದಾಯಿತು. ಆದರೆ ಗಿಬ್ಸನ್ ತೀರಿಕೊಂಡದ್ದು 1947ರಲ್ಲಿ! ಅವರು ಹೋಗಿ 77 ವರ್ಷವಾದ ಮೇಲೆ ದಾಖಲೆ ಮುರಿದದ್ದು ಹೇಗೆ?

1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಜನಾಂಗದ ಆಟಗಾರ ಟೊಲೀಡೊ ತಂಡದ ಪರವಾಗಿ ಪ್ರಮುಖ ಲೀಗಿನಲ್ಲಿ ಆಡಿದ್ದರು. ಅನಂತರ ಬಾಗಿಲು ಮುಚ್ಚಿತು. ಲಿಖಿತ ನಿಯಮವೇನೂ ಇರಲಿಲ್ಲ. ಮಾಲೀಕರ ಒಳ ಒಪ್ಪಂದವೇ ಸಾಕಾಯಿತು. ಬರೆದ ನಿಯಮವನ್ನಾದರೂ ಪ್ರಶ್ನಿಸಬಹುದು, ಬರೆಯದ್ದನ್ನು ಪ್ರಶ್ನಿಸುವುದೆಲ್ಲಿ?

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಕಥೆಯೂ ಇದೇ. 1920ರಲ್ಲಿ ಚಾಂಪಿಯನ್ ಆದ ಅಕ್ರನ್ ತಂಡದಲ್ಲಿ ಫ್ರಿಟ್ಜ್ ಪೊಲಾರ್ಡ್ ಎಂಬ ಕಪ್ಪು ಆಟಗಾರರಿದ್ದರು. 1934ರಿಂದ 1945ರವರೆಗೆ ಆ ರಾಷ್ಟ್ರೀಯ ಲೀಗಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲ. 1946ರಲ್ಲಿ ರ‍್ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂದು ಅಲ್ಲಿನ ಸಾರ್ವಜನಿಕ ಕ್ರೀಡಾಂಗಣವನ್ನು ಕೇಳಿದಾಗ, ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ಹಾಗಾಗಿ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ತಂಡಕ್ಕೆ ಸೇರಿದರು.

ಮತ್ತೆ ಬೇಸ್‌ಬಾಲ್‌ಗೆ ಬರೋಣ. ಹೊರಗುಳಿದವರು 1920ರಲ್ಲಿ ತಮ್ಮದೇ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿಕೊಂಡರು. ಮುಂದೆ ಇಂಥ ಇನ್ನೂ ಕೆಲವು ಲೀಗುಗಳು ಹುಟ್ಟಿದವು. ಗಿಬ್ಸನ್ ಬೆಳಗಿದ್ದು ಅಲ್ಲಿ. ಅವರು ಮೃತರಾದಾಗ ವಯಸ್ಸು ಕೇವಲ 35. ಮೂರು ತಿಂಗಳೊಳಗೆ, 1947ರ ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದರು. ಬಾಗಿಲು ತೆರೆಯಿತು, ಗಿಬ್ಸನ್ ಇರಲಿಲ್ಲ.

1920ರಿಂದ 1948ರವರೆಗಿನ ಏಳು ನೀಗ್ರೊ ಲೀಗುಗಳು ಪ್ರಮುಖ ಲೀಗುಗಳೇ ಎಂದು ಮೇಜರ್ ಲೀಗ್ ಬೇಸ್‌ಬಾಲ್ ಒಪ್ಪಿದ್ದು 2020ರ ಡಿಸೆಂಬರಿನಲ್ಲಿ. ಸಂಶೋಧಕರು ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಪಂದ್ಯಗಳ ಅಂಕಪಟ್ಟಿಗಳನ್ನು ಹುಡುಕಿ ಕೂಡಿಸಿದರು. 2024ರಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಅಂಶ ಅಧಿಕೃತವಾಯಿತು. ಆಗ ಪ್ರಕಟವಾದ ಲೆಕ್ಕದಂತೆ, ಸಾವಿರ ಅವಕಾಶಕ್ಕೆ ಗಿಬ್ಸನ್ ಅವರದು 372 ಯಶಸ್ವಿ ಹೊಡೆತ, ಕಾಬ್ ಅವರದು 367. ಖ್ಯಾತ ಆಟಗಾರ ವಿಲ್ಲಿ ಮೇಸ್ ಅವರ ಖಾತೆಗೂ 1948ರ 10 ಹೊಡೆತಗಳು ಸೇರಿದವು. ಮೂರು ವಾರಗಳಲ್ಲಿ ಅವರೂ ತೀರಿಕೊಂಡರು.

ಆ ಲೀಗುಗಳಲ್ಲಿ ಪಂದ್ಯಗಳು ಕಡಿಮೆ, ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಆದರೆ ಕಾಬ್ ಕೂಡ ಎಲ್ಲ ಶ್ರೇಷ್ಠ ಬೌಲರುಗಳನ್ನು ಎದುರಿಸಲಿಲ್ಲವಲ್ಲ! ಕಪ್ಪು ಬೌಲರುಗಳು ಆ ಲೀಗಿನ ಹೊರಗೇ ಇದ್ದರು. ಯಾರು ಹೆಚ್ಚು ಹೊಡೆದರು ಎಂದು ದಾಖಲೆ ಪುಸ್ತಕ ಹೇಳುತ್ತದೆ. ಯಾರಿಗೆ ಆಡಲು ಬಿಟ್ಟಿದ್ದರು ಎಂಬುದನ್ನು ನಾವೇ ಕೇಳಬೇಕು.